ರಕ್ತ ಹೀರೋ ನಾಟಕವೂ ಮೂರು ಕೆಜಿ ಬೆಳ್ಳುಳ್ಳಿಯೂ

ಮೆಲ್ಲಗೆ ಹೇಳ್ತೀನಿ, ಮೆಲ್ಲಗೇ ಓದಿ. ಓದುವಾಗ ತುಟಿ ಅಲ್ಲಾಡಿಸಬೇಡಿ. ನಮ್ಮ ಗುಂಡ್ಲುಪೇಟೆ ಬೀದಿಯಲ್ಲಿ ತುಟಿ ನೋಡಿಯೇ ಸುದ್ದಿ ತಿಳಿಯೋರಿದ್ದಾರೆ. ಹೆಂಗೆ ಗೊತ್ತು ಅಂದರೆ, ನಾನೇ ತಿಳೀತೀನಿ. ಪಕ್ಕದ ಮನೆಯವಳ ಕಿವಿಗೆ ಬಿದ್ದರಂತೂ ಮುಗೀತು, ಇದೆಲ್ಲ ಅವಳ ಮನೆಯದೇ ವಿಷಯ. ನಾನು ಸುದ್ದಿ ಹುಡುಕಿಕೊಂಡು ಹೋಗೋಳಲ್ಲ. ಸುದ್ದಿಯೇ ನಮ್ಮ ಜಗಲಿ ಮುಂದೆ ಬಂದು ಚಪ್ಪಲಿ ಬಿಡ್ತದೆ. ಮನೆಮನೆಗೂ ಮೊಬೈಲು ಬರ್ತಿದ್ದ ಕಾಲದಲ್ಲಿ ಒಂದೇ ವಾರಕ್ಕೆ ಮೂರು ಸಲ ಬಂತು.

ಹೀರೋ

ಪಕ್ಕದ ಮನೆಯವಳಿಗೆ ಗಂಡ ತೀರಿಹೋಗಿ, ಇರೋದು ಒಬ್ಬಳೇ ಮಗಳು. ಕಾಲೇಜು ಮುಗಿಸಿದ ಹುಡುಗಿ. ಎರಡು ಸಂಬಂಧ ಮಾತಿಗೆ ಬಂದು ತಪ್ಪಿಹೋಗಿದ್ದವು. ಮೂರನೆಯದು ಉಮ್ಮತ್ತೂರಿನದು, ಭಾನುವಾರ ಹೆಣ್ಣು ನೋಡಕ್ಕೆ ಬರೋದಿತ್ತು. ಅದೇ ವಾರ ಆ ಹುಡುಗಿ ನಾಟಕಕ್ಕೆ ಸೇರಿಕೊಂಡಿದ್ದಳು. ಯಾವುದೋ ಇಂಗ್ಲಿಷ್ ಕತೆಯಂತೆ, ಸ್ಕೂಲಿನ ಕನ್ನಡ ಮೇಷ್ಟ್ರು ನಮ್ಮ ಕಡೆಗೆ ತಿರುಗಿಸಿ ಬರೆದಿದ್ದರು. ಮದ್ದೂರು ಕಾಡಿನ ಆಚೆಯಿಂದ ಒಬ್ಬ ದೊರೆ ಬರ್ತಾನಂತೆ, ಊಟಕ್ಕೆ ಕೂತರೆ ಏನನ್ನೂ ಮುಟ್ಟೋದಿಲ್ಲವಂತೆ. ಸಕ್ಕರೆ ಕಾಯಿಲೆ ಅಂದುಕೊಂಡೆ.

ಹೀರೋ ಯಾರು ಅಂತ ಪಕ್ಕದ ಮನೆಯವಳನ್ನ ಕೇಳಿದೆ. ಲ್ಯಾಬಿನಲ್ಲಿ ರಕ್ತ ತೆಗೀತಾನಲ್ಲ, ಅವನದು ರಕ್ತ ಹೀರೋ ಪಾರ್ಟು ಅಂದಳು. ನನಗೆ ಭಾಳ ಖುಷಿಯಾಯಿತು. ಸಿನಿಮಾದವರಿಗೆ ಬಿರುದು ಕೊಡೋರಿದ್ದಾರೆ, ಪಾಪ, ರಕ್ತ ತೆಗೆಯೋನಿಗೆ ಯಾರು ಕೊಡ್ತಾರೆ? ಮಾರನೇ ದಿನ ನನ್ನ ಸಕ್ಕರೆ ನೋಡಿಸಕ್ಕೆ ಲ್ಯಾಬಿಗೆ ಹೋದಾಗ, ಎಲ್ಲರಿಗೂ ಕೇಳೋ ಹಂಗೆ, "ಅಂತೂ ರಕ್ತ ಹೀರೋ ಆಗ್ಬುಟ್ಟಲ್ಲಪ್ಪ" ಅಂದೆ.

ಅವನು ನಾಚಿಕೊಂಡ. "ಊಂ ಕಣಜ್ಜಿ. ಸೂಜಿ ಇಲ್ದೆ, ಬರೀ ಹಲ್ಲಲ್ಲೇ ಹೀರೋದು."

ರಕ್ತ ಕೊಡಕ್ಕೆ ಅಂಗಿ ತೋಳು ಮಡಿಸಿಕೊಂಡು ಕೂತಿದ್ದ ಮೂರು ಜನ ತೋಳು ಇಳಿಸಿಕೊಂಡು ಎದ್ದುಹೋದರು. ನಾಲ್ಕನೆಯವಳು ನಾನು.

ಬೆಳ್ಳುಳ್ಳಿ

ಗುರುವಾರ ಅಂಗಡಿಯಲ್ಲಿ ನೋಡ್ತೀನಿ, ಪಕ್ಕದ ಮನೆಯವಳು ಮೂರು ಕೆಜಿ ಬೆಳ್ಳುಳ್ಳಿ ಕಟ್ಟಿಸ್ತಿದ್ದಾಳೆ. ಒಗ್ಗರಣೆಗೆ ನಾಲ್ಕೆಸಳು ಸಾಕು, ಉಪ್ಪಿನಕಾಯಿಗಾದರೆ ಅರ್ಧ ಕೆಜಿ. ಮೂರು ಕೆಜಿ ತಿನ್ನೋದು ಬಾಣಂತಿ ಒಬ್ಬಳೇ. ಆ ಮನೆಯಲ್ಲಿರೋದು ಎರಡು ಹೆಣ್ಣು. ತಾಯಿಗೆ ಐವತ್ತು ದಾಟಿದೆ. ಇನ್ನುಳಿದೋಳು ಯಾರು?

ನಾನು ಯಾರಿಗೂ ಏನೂ ಹೇಳಲಿಲ್ಲ. ಹೂ ಮಾರೋಳ ಹತ್ತಿರ "ಮೂರು ಕೆಜಿ" ಅಂದೆ, ಅಷ್ಟೇ. ಮಿಕ್ಕಿದ್ದನ್ನ ಅವಳೇ ಸೇರಿಸಿಕೊಂಡಳು. ಸಾಯಂಕಾಲ ನಾಲ್ಕು ಹೆಂಗಸರು ಮಗು ನೋಡಕ್ಕೆ ಹೋದರು, ಒಬ್ಬಳು ಕುಲಾವಿಯನ್ನೂ ತಂದಿದ್ದಳು. ನಡುಮನೆಯಲ್ಲಿ ತಾಯಿ ಮಗಳು ಕೂತು ಬೆಳ್ಳುಳ್ಳಿ ಹಾರ ಕಟ್ತಿದ್ದರಂತೆ. ನಾಟಕದ ಆ ದೊರೆಗೆ ಬೆಳ್ಳುಳ್ಳಿ ಕಂಡರಾಗದು, ಹುಡುಗಿ ಕತ್ತಿಗೆ ಹಾಕಿದರೆ ಹತ್ತಿರ ಬರೋದಿಲ್ಲ, ಅದಕ್ಕೆ.

ಶುಕ್ರವಾರ ಅವಳು ಬಂದು ನನ್ನೆದುರು ಕೂತಳು. ಕಣ್ಣು ಕೆಂಪಾಗಿತ್ತು. "ಅಕ್ಕ, ಈ ಸಂಬಂಧನೂ ತಪ್ಪೋದ್ರೆ ನನ್ ಮಗಳು ಇನ್ನೊಬ್ರ ಮುಂದೆ ಕೂರಕಿಲ್ಲ ಅಂದವಳೆ. ಭಾನುವಾರ ಕಳೆಯೋಗಂಟ ನಿಮ್ ಬಾಯಿ ಮುಚ್ಕಂಡಿರಿ."

ದೇವರ ಮೇಲೆ ಆಣೆ ಇಟ್ಟೆ. ಆ ಕುಲಾವಿಯನ್ನ ಏನು ಮಾಡಿದೆ ಅಂತ ಮಾತ್ರ ಕೇಳಿದೆ.

ಬಾಗಿಲು

ಆಣೆ ಇಟ್ಟದ್ದು ಬಾಯಿಗೆ, ಕಾಲಿಗಲ್ಲ. ಶನಿವಾರ ಮಧ್ಯಾಹ್ನ ಸ್ಕೂಲಿಗೆ ಹೋಗಿ ಪ್ರಾಕ್ಟೀಸು ನೋಡಿದೆ. ದೊರೆ ಬಾಗಿಲ ಹೊರಗೇ ನಿಂತಿದ್ದ. ಕರೆಯದೆ ಒಳಗೆ ಬರಂಗಿಲ್ಲವಂತೆ. ರಕ್ತ ಕುಡಿಯೋನಿಗೂ ಒಂದು ಮರ್ಯಾದೆ. ಹುಡುಗಿ "ಬನ್ನಿ" ಅಂದಳು, ಬಂದ, ಕತ್ತಿಗೆ ಬಾಯಿ ಹಾಕಿದ. ಆಮೇಲೆ ನೋಡಿದರೆ ಕತ್ತಿನ ಮೇಲೆ ಎರಡು ಕೆಂಪು ಚುಕ್ಕಿ. ಬಣ್ಣ ಅಂದರು. ಬಣ್ಣವೋ ನಿಜವೋ ನನಗೆ ತಿಳೀಲಿಲ್ಲ.

ಇದಕ್ಕೆ ನಮ್ಮಲ್ಲೇ ಮದ್ದಿದೆ ಅಂತ ಮೇಷ್ಟ್ರಿಗೆ ಹೇಳಿದೆ. ಹಿಂದೆ ದೆವ್ವ ಬಾಗಿಲು ತಟ್ತದೆ ಅಂತ ಸುದ್ದಿ ಎದ್ದಾಗ ಬೀದಿಗೆ ಬೀದಿಯೇ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿರಲಿಲ್ಲವಾ? ದೆವ್ವ ದಿನಾ ಬರೋದು, ಓದೋದು, ವಾಪಸ್ಸು ಹೋಗೋದು. ಮೇಷ್ಟ್ರು ನಕ್ಕರು. "ಅಜ್ಜಿ, ನಾಳೆ ಬಾ ಅಂದ್ರೂ ಕರೆದಂಗೇ ಅಲ್ವಾ?"

ಕರೆದ ಹಂಗೋ, ಕಳಿಸಿದ ಹಂಗೋ, ಮನೆ ಸೇರೋಗಂಟ ಬಗೆಹರೀಲಿಲ್ಲ. ಭಾನುವಾರ ಬೆಳಿಗ್ಗೆ ಪಕ್ಕದ ಮನೆಯವಳು ರಂಗೋಲಿ ಬಿಟ್ಟು, ಕೋತಿ ಕಾಟಕ್ಕೆ ಬಾಗಿಲು ಮುಚ್ಚಿಕೊಂಡು ಒಳಗೆ ಹೋದಳು. ನಾನು ಇದ್ದಿಲು ತಗೊಂಡು ಹೋಗಿ ಬಾಗಿಲ ಮೇಲೆ ದೊಡ್ಡದಾಗಿ ಬರೆದೆ. ಎರಡನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಆದರೂ "ಳೆ" ಚೆನ್ನಾಗಿ ಬಂತು. ಹುಡುಗಿಗೆ ಒಳ್ಳೇದಾಗಲಿ ಅಂತಲೇ ಬರೆದದ್ದು.

ಹತ್ತು ಗಂಟೆಗೆ ಉಮ್ಮತ್ತೂರಿನವರು ಬಂದರು, ಹುಡುಗ, ಅವನ ತಾಯಿ, ಸೋದರಮಾವ. ಮೂವರೂ ಬಾಗಿಲ ಮುಂದೆ ನಿಂತು ಓದಿದರು. ನಾಳೆಗಾಕಿದ್ರೆ ಒಂದು ಫೋನ್ ಮಾಡಬಾರದಾ ಅಂದ ಮಾವ. ತಾಯಿಗೆ ಉರಿದದ್ದು ಅದಕ್ಕಲ್ಲ. "ಬೀಗರಾಗೋರಿಗೆ ಬನ್ನಿ ಅನ್ನಕಿಲ್ಲ, ಬಾ ಅಂತೆ" ಅಂದವಳೇ ಹಣ್ಣಿನ ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡ್ ಕಡೆ ತಿರುಗಿದಳು. ಬಾಗಿಲು ತಟ್ಟಲೇ ಇಲ್ಲ.

ಜಗಲಿಯಿಂದ ಎಲ್ಲಾ ನೋಡ್ತಿದ್ದೆ. ಕೂಗೋಣ ಅಂದರೆ ಭಾನುವಾರ ಕಳೆಯೋಗಂಟ ಅಂತ ಆಣೆ. ಕಳೆಯೋಗಂಟ ಅಂದರೆ ಸಂಜೆವರೆಗೋ, ಅವರು ಬರೋವರೆಗೋ? ನಾನು ಯೋಚನೆ ಮಾಡೋದರೊಳಗೆ ಅವರು ತಿರುವು ದಾಟಿದರು. ಒಳಗೆ ಕೇಸರಿಬಾತ್ ಆರಿ ಗಟ್ಟಿಯಾಯಿತು.

ಕಾದು ಕಾದು ಮಧ್ಯಾಹ್ನ ಪಕ್ಕದ ಮನೆಯವಳು ಹೊರಗೆ ಬಂದು ಬಾಗಿಲು ಎಳೆದುಕೊಂಡಾಗ ಬರೆದದ್ದು ಕಂಡಿತು. ಉಮ್ಮತ್ತೂರಿಗೆ ಫೋನ್ ಮಾಡಿ, ಅತ್ತುಕೊಂಡು, ಹಿಂಗಿಂಗೆ ನಮ್ಮ ಪಕ್ಕದ ಮನೆ ಮುದುಕಿ ಅಂತ ಹೇಳಿದಳಂತೆ. ಹುಡುಗ ನಕ್ಕುಬಿಟ್ಟನಂತೆ. ಅವರೂರಲ್ಲೂ ಹಿಂದೆ ಬರೆದಿದ್ದರಲ್ಲ. "ನಾಳೆ ಬಾ ಅಂದವ್ರೆ, ನಾಳೆ ಓಗನ ಬುಡವ್ವ" ಅಂತ ತಾಯಿಯನ್ನ ಒಪ್ಪಿಸಿ, ಸೋಮವಾರ ಕರಕೊಂಡು ಬಂದೇಬಿಟ್ಟ. ಒಪ್ಪಿಗೆಯೂ ಆಯಿತು, ತಾಂಬೂಲವೂ ಆಯಿತು.

ಹಂಗಾದರೆ ಮೇಷ್ಟ್ರು ಹೇಳಿದ್ದೇ ಸರಿ, ಕರೆದ ಹಂಗೇ. ಕರೆದೋಳು ನಾನೇ ಅಲ್ಲವಾ? ಮಂಗಳವಾರ ಕೇಸರಿಬಾತಿಗೆ ಅಂತ ಹೋದೆ. ನೋಡಿದರೆ, ಅಳಿಸೋದು ಬಿಟ್ಟು, ನನ್ನ ಇದ್ದಿಲ ಅಕ್ಷರದ ಮೇಲೇ ಬಿಳಿ ಪೇಂಟಲ್ಲಿ ತಿದ್ದಿ ಇಟ್ಟಿದ್ದಾಳೆ. ಇದ್ಯಾಕವ್ವ, ದೆವ್ವ ಇನ್ನೂ ಬತ್ತದಾ ಅಂತ ಕೇಳಿದೆ.

ಅವಳು ಬಾಗಿಲಿಗೆ ಅಡ್ಡ ನಿಂತು, ನನ್ನ ಮುಖ ನೋಡಿಕೊಂಡೇ ಹೇಳಿದಳು: "ದಿನಾ ಬತ್ತದೆ ಕಣಕ್ಕ. ಅದ್ಕೆ ಬರಿಯಕ್ ಬತ್ತದೆ, ಓದಕ್ ಬರಕಿಲ್ಲ."