ಯಾರಿಗೂ ಹೊಳೆಯದ ಫಿಲ್ಟರ್

ಪೇಟೆಂಟ್ ಕಚೇರಿಯಿಂದ ಬಂದ ಪತ್ರ ಮೂರು ಪುಟದ್ದು. ಆದರೆ ಟೆಸ್ಟರ್ ಸಾಹೇಬರ ನಿದ್ದೆ ಕೆಡಿಸಿದ್ದು ಅದರಲ್ಲಿನ ಒಂದೇ ಒಂದು ವಾಕ್ಯ: ‘ಸದರಿ ಫಿಲ್ಟರಿನ ವಿನ್ಯಾಸವು ಈ ವಿದ್ಯೆ ಬಲ್ಲ ಯಾರಿಗೇ ಆದರೂ ಸಹಜವಾಗಿ ಹೊಳೆಯುವಂಥದ್ದೆಂದು ತೋರುತ್ತದೆ.’ ಹೇಳಿಕೊಳ್ಳುವುದೇನಾದರೂ ಇದ್ದರೆ ಮಧ್ಯಾಹ್ನ ಮೂರಕ್ಕೆ ಖುದ್ದಾಗಿ ಬರಬೇಕಂತೆ. ಆ ಮಧ್ಯಾಹ್ನ ಇವತ್ತೇ.

ಸಾಹೇಬರು ಅಂತ ಅವರನ್ನು ಕರೆಯುತ್ತಿದ್ದದ್ದು ಅಕ್ಕಪಕ್ಕದ ಮನೆಯವರು ಮಾತ್ರ. ಮೂವತ್ತೊಂದು ವರ್ಷ ಟೆಸ್ಟರ್ ಆಗಿ ದುಡಿದ ರೇಡಿಯೋ ಬಿಡಿಭಾಗಗಳ ಕಾರ್ಖಾನೆಯಲ್ಲಿ ಅವರು ಬರೀ ‘ಏನ್ರೀ’. ಅಲ್ಲಿ ಅವರು ಕಂಡುಹಿಡಿದ ಸಣ್ಣಪುಟ್ಟದ್ದಕ್ಕೆಲ್ಲ ಮೇಲಿನವರ ಹೆಸರೇ ಬಿದ್ದಿತ್ತು. ಈ ಫಿಲ್ಟರ್ ಒಂದು ಮಾತ್ರ ಅವರದೇ. ಎಂಟು ವರ್ಷದ ಭಾನುವಾರಗಳನ್ನೆಲ್ಲ ಅದಕ್ಕೆ ಸುರಿದಿದ್ದರು. ಕಾರ್ಖಾನೆಯವರು ‘ನಮಗೆ ಬೇಡ, ಬೇಕಾದರೆ ನೀವೇ ಇಟ್ಟುಕೊಳ್ಳಿ’ ಎಂದು ಬರೆದೂ ಕೊಟ್ಟಿದ್ದರು. ಮುಂದಿನ ತಿಂಗಳು ನಿವೃತ್ತಿ. ಇದೂ ಕೈತಪ್ಪಿದರೆ ಇಷ್ಟು ವರ್ಷ ತಾನು ಇದ್ದೆ ಅನ್ನುವುದಕ್ಕೆ ಏನು ಗುರುತು ಎಂದು ಅವರಿಗೆ ಸಂಕಟ.

ನೋಡಲು ಅಕ್ಕಿಕಾಳಿಗಿಂತ ತುಸು ದಪ್ಪನೆಯ ವಸ್ತು. ಬೆಳ್ಳಿಯ ಗೆರೆ ಎಳೆದ ಎಂಟು ಪಿಂಗಾಣಿ ಹಾಳೆಗಳನ್ನು ಒಂದರ ಮೇಲೊಂದು ಒತ್ತಿ ಸುಟ್ಟದ್ದು. ಬೇಕಾದ ಸಿಗ್ನಲನ್ನು ಬಿಟ್ಟುಕೊಂಡು ಬೇಡದ ಗದ್ದಲವನ್ನು ತಡೆಯುವುದು ಅದರ ಕೆಲಸ. ಪಕ್ಕಪಕ್ಕದ ಪದರಗಳು ಒಂದಕ್ಕೊಂದು ಅಡ್ಡಬರುವುದು ಇಂಥ ಫಿಲ್ಟರುಗಳ ಹಳೇ ರೋಗ. ಸಾಹೇಬರು ನಾಲ್ಕನೇ ಪದರದ ಗೆರೆಯನ್ನು ಉಲ್ಟಾ ತಿರುಗಿಸಿದರು. ಅಡ್ಡಬರುವ ಆ ಗುಣವೇ ಗದ್ದಲವನ್ನು ನುಂಗತೊಡಗಿತು.

“ಸರಿಯಾಗೇ ಬರ್ದಿದಾರಲ್ರೀ,” ಅಂದರು ಮಹಡಿ ಮನೆಯ ನಿವೃತ್ತ ಮೇಷ್ಟ್ರು. ಪೇಪರ್ ಓದಲು ಬಂದವರು ಪತ್ರ ಓದಿ ಮುಗಿಸಿದ್ದರು. “ಜರಡಿ ಮೇಲೆ ಜರಡಿ ಇಟ್ರೆ ಹಿಟ್ಟು ನುಣ್ಣಗಾಗುತ್ತೆ. ಇದು ಯಾರಿಗ್ ಹೊಳೆಯಲ್ಲ?”

“ಜರಡಿ ಅಲ್ಲ ಮೇಷ್ಟ್ರೇ, ನಾಲ್ಕನೇ ಪದರ ಇದೆಯಲ್ಲ...”

“ನಾಲ್ಕನೇ ಜರಡಿ ಅನ್ನಿ.”

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. “ಎಂಟ್ ವರ್ಷ ಇವರು ಊಟದ ಮೇಜು ಬಿಟ್ಕೊಡ್ಲಿಲ್ಲ. ಅಷ್ಟ್ ಸುಲಭಕ್ಕೆ ಹೊಳೆಯೋದಾಗಿದ್ರೆ ನಾವ್ಯಾಕ್ ಮೇಷ್ಟ್ರೇ ತಟ್ಟೆ ಹಿಡ್ಕೊಂಡು ನಿಂತು ಉಣ್ತಿದ್ವಿ?”

ಇಡೀ ದಿನದಲ್ಲಿ ಸಾಹೇಬರ ಪರವಾಗಿ ಹುಟ್ಟಿದ ಒಳ್ಳೆಯ ವಾದ ಅದೊಂದೇ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಭಾವಮೈದ ಒಳಗೆ ಬಂದಿದ್ದ. ಕೋರ್ಟಿನ ಎದುರು ಅವನದೊಂದು ಟೈಪಿಂಗ್ ಅಂಗಡಿ. ದಿನಾ ವಕೀಲರ ಕಾಗದ ಟೈಪ್ ಮಾಡಿ ಮಾಡಿ ತಾನೂ ಅರ್ಧ ವಕೀಲ ಅಂದುಕೊಂಡಿದ್ದ.

“ಭಾವ, ನೀವ್ ಬಾಯಲ್ಲಿ ಹೇಳಿದ್ದೆಲ್ಲ ಗಾಳಿಗ್ ಹೋಗುತ್ತೆ. ಕಾಗದ ಬೇಕು. ಈ ವಿದ್ಯೆ ಬಲ್ಲವರನ್ನ ಒಬ್ರನ್ನ ಹಿಡೀರಿ. ‘ಇದು ನನಗೆ ಹೊಳೀಲಿಲ್ಲ, ಓದಿದ್ರೂ ಅರ್ಥ ಆಗ್ಲಿಲ್ಲ’ ಅಂತ ಬರೆಸ್ಕೊಳ್ಳಿ. ಬಲ್ಲವರಿಗೇ ಅರ್ಥ ಆಗ್ಲಿಲ್ಲ ಅಂದ್ಮೇಲೆ, ಸುಲಭ ಅನ್ನೋಕೆ ಕಚೇರಿಯವರಿಗೆ ಬಾಯೆಲ್ಲಿರುತ್ತೆ?”

ಮಾತು ಸರಿಯೆನಿಸಿತು. ಆದರೆ ಸಾಹೇಬರ ಮುಖ ಬಾಡಿತು. ಆ ವಿದ್ಯೆ ಬಲ್ಲವರೆಂದು ಹೆಸರಾದವರು ಅವರಿಗೆ ತಿಳಿದಂತೆ ಒಬ್ಬರೇ. ಡಿಸೈನ್ ವಿಭಾಗದ ಮುಖ್ಯಸ್ಥರು. ಕಾರ್ಖಾನೆ ಅವರಿಗಿಟ್ಟ ಹೆಸರು ಗೊತ್ತಪ್ಪ.

ಗೊತ್ತಪ್ಪನವರ ಬಾಯಲ್ಲಿ ‘ಗೊತ್ತಿಲ್ಲ’ ಅನ್ನುವ ಮಾತು ಕೇಳಿದವರಿಲ್ಲ. ಒಮ್ಮೆ ಲಿಫ್ಟ್ ಕೆಟ್ಟು ನಾಲ್ಕು ಗಂಟೆ ಒಳಗೆ ಸಿಕ್ಕಿಕೊಂಡಿದ್ದರು. ಬಾಗಿಲು ಮುರಿದು ಹೊರಗೆಳೆದಾಗ ಬೆವರೊರೆಸಿಕೊಂಡು ಅವರಂದ ಮೊದಲ ಮಾತು, “ಇದು ಹೀಗಾಗುತ್ತೆ ಅಂತ ನನಗ್ ಮೊದ್ಲೇ ಗೊತ್ತಿತ್ತು.” ಅಂಥವರಿಂದ ‘ಅರ್ಥವಾಗಲಿಲ್ಲ’ ಎಂದು ಬರೆಸಿಕೊಳ್ಳಬೇಕಿತ್ತು.

ಅರ್ಧ ದಿನ ರಜೆ ಹಾಕಿ ಸಾಹೇಬರು ಅವರ ಕೋಣೆಯ ಮುಂದೆ ಹನ್ನೆರಡರವರೆಗೆ ನಿಂತರು. ಕೊನೆಗೆ ಒಳಗೆ ಕರೆದ ಗೊತ್ತಪ್ಪ ಪೇಟೆಂಟ್ ಅರ್ಜಿಯ ಹದಿನಾಲ್ಕು ಪುಟವನ್ನೂ ಮಗುಚಿ ಹಾಕಿ, “ಇದರಲ್ಲೇನ್ರೀ ಇದೆ, ಗೊತ್ತಿರೋದೇ,” ಅಂದರು.

“ನಾಲ್ಕನೇ ಪದರ ಯಾಕೆ ಉಲ್ಟಾ ಇದೆ ಹೇಳಿ ಸಾರ್.”

“ಗೊತ್ತು.”

“ಹೇಳಿ ಸಾರ್.”

“ಗೊತ್ತು ಅಂದ್ನಲ್ರೀ!”

ಗೊತ್ತಪ್ಪ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಪೆನ್ಸಿಲ್ ಹಿಡಿದು ಏನೋ ಗೀಚಿ ಅದರ ಮೇಲೇ ಮತ್ತೊಂದು ಗೀಚಿದರು. ಟೀ ಆರಿತು. ಗಡಿಯಾರ ಒಂದು ಹೊಡೆಯಿತು. ಸಾಹೇಬರಿಗೆ ದುಃಖ ಉಕ್ಕಿ ಬಂತು.

“ಸಾರ್, ಮೂವತ್ತೊಂದು ವರ್ಷದಲ್ಲಿ ನಾನ್ ಮಾಡಿದ್ದಕ್ಕೆಲ್ಲ ನಿಮ್ಮ ಹೆಸರು ಬಿತ್ತು. ನಾನು ತುಟಿ ಪಿಟಕ್ ಅನ್ಲಿಲ್ಲ. ಇವತ್ತೊಂದು ಸಹಿ ಹಾಕಿ ಸಾರ್. ಇನ್ನೇನೂ ಕೇಳಲ್ಲ.”

ಗೊತ್ತಪ್ಪ ಪೆನ್ಸಿಲ್ ಕೆಳಗಿಟ್ಟರು. “ಸಹಿ ಹಾಕ್ತೀನಿ. ಆದ್ರೆ ನನಗೆ ಅರ್ಥ ಆಗ್ಲಿಲ್ಲ ಅಂತ ಸತ್ರೂ ಬರೆಯಲ್ಲ. ನನ್ನ ಮರ್ಯಾದೆ ಏನಾಗ್ಬೇಕು? ನಾನ್ ಬರೆದ ಹಾಗೆ ಒಪ್ಕೋಬೇಕು.”

ಅವರು ಬರೆದದ್ದು ಹೀಗಿತ್ತು: ‘ನಾನು ಮೂವತ್ತೈದು ವರ್ಷ ಅನುಭವವುಳ್ಳ ತಜ್ಞ. ಈ ಬರಹವನ್ನು ಓದಿ ಈ ಫಿಲ್ಟರನ್ನು ತಯಾರಿಸುವುದಿರಲಿ, ಅರ್ಥಮಾಡಿಕೊಳ್ಳುವುದು ಸಹ ಈ ವಿದ್ಯೆ ಬಲ್ಲ ಯಾವೊಬ್ಬನಿಂದಲೂ ಸಾಧ್ಯವಿಲ್ಲವೆಂದು ಪ್ರಮಾಣೀಕರಿಸುತ್ತೇನೆ.’

ಸಾಹೇಬರು ಅದನ್ನು ಮೂರು ಸಲ ಓದಿದರು. ಒಬ್ಬರಿಗೆ ಅರ್ಥವಾಗದಿದ್ದರೆ ಸಾಕು ಅಂತ ಬಂದವರಿಗೆ ಇಡೀ ಲೋಕಕ್ಕೇ ಅರ್ಥವಾಗುವುದಿಲ್ಲ ಎಂಬ ಪತ್ರ ಸಿಕ್ಕಿತ್ತು. ಅವರು ಗೊತ್ತಪ್ಪನವರ ಎರಡೂ ಕೈ ಹಿಡಿದುಕೊಂಡರು.

ಭಾವಮೈದ ಅದನ್ನು ಛಾಪಾಕಾಗದದ ಮೇಲೆ ಮೂರು ಪ್ರತಿ ಟೈಪ್ ಮಾಡಿ, ಗೊತ್ತಪ್ಪನವರ ಸಹಿ ಮಾಡಿಸಿ, ನೋಟರಿಯಿಂದ ಕೆಂಪು ಮುದ್ರೆ ಒತ್ತಿಸಿ, ಭಾವನನ್ನು ಬಸ್ಸಿಗೆ ತಳ್ಳಿ ತಾನೂ ಹತ್ತಿದ. ದಾರಿಯಲ್ಲಿ ಬಸ್ಸು ಎರಡು ಸಲ ಕೆಟ್ಟು ನಿಂತಿತು. ಪೇಟೆಂಟ್ ಕಚೇರಿ ತಲುಪಿದಾಗ ಮೂರಕ್ಕೆ ಐದು ನಿಮಿಷವಿತ್ತು.

“ಒಳಗ್ ಹೋಗಿ ಮೇಡಂ ಹತ್ರ ಮಾತಾಡಿ. ಬೇಕಾದ್ರೆ ಆಮೇಲೆ ಕೊಡಿ,” ಅಂದ ಟಪಾಲು ಗುಮಾಸ್ತ.

“ಬಿಡಬೇಡಿ ಭಾವ! ಸೀಲ್ ಬೀಳದ ಕಾಗದ ಕಾಗದಾನೇ ಅಲ್ಲ,” ಎಂದು ಭಾವಮೈದ ಪಿಸುಗುಟ್ಟಿದ.

ಸಾಹೇಬರು ಹಟ ಹಿಡಿದು ಮೂರು ಪ್ರತಿಗೂ ಸೀಲ್ ಹಾಕಿಸಿದರು, ರಿಜಿಸ್ಟರಿನಲ್ಲಿ ನಂಬರೂ ಹತ್ತಿಸಿದರು.

ಪರೀಕ್ಷಾಧಿಕಾರಿ ನಲವತ್ತರ ಆಸುಪಾಸಿನ ಹೆಂಗಸು. ಎದ್ದು ನಿಂತು ನಮಸ್ಕಾರ ಮಾಡಿ, ನೀರು ಕೊಟ್ಟರು. “ಬನ್ನಿ ಸಾರ್, ನಿಮಗೊಂದು ಮಾತು...”

“ಮೇಡಂ, ದಯವಿಟ್ಟು ನಾನು ಮೊದ್ಲು ಹೇಳಿಬಿಡ್ತೀನಿ,” ಅಂದರು ಸಾಹೇಬರು. ಜೀವಮಾನದಲ್ಲಿ ಹಾಗೆ ಮಾತಾಡಿದವರಲ್ಲ. ಆಕೆ ಎರಡು ಸಲ ಬಾಯಿ ತೆರೆದರು, ಎರಡು ಸಲವೂ ಇವರು ಬಿಡಲಿಲ್ಲ. ಕೊನೆಗೆ ಗೊತ್ತಪ್ಪನವರ ಪತ್ರವನ್ನು ಎತ್ತಿದ ದನಿಯಲ್ಲಿ ಓದಿ, ಮೇಜಿನ ಮೇಲಿಟ್ಟು, ಕೂತರು.

ಆಕೆ ಪತ್ರವನ್ನು ನಿಧಾನವಾಗಿ ಓದಿದರು. ಹಿಂದೆ ತಿರುವಿ ಸೀಲ್ ನೋಡಿದರು. “ಒಪ್ಪಿದೆ ಸಾರ್. ಇದು ಸಹಜವಾಗಿ ಹೊಳೆಯೋದಲ್ಲ. ಆ ಆಕ್ಷೇಪಣೆ ಹೋಯ್ತು.”

ಸಾಹೇಬರಿಗೆ ಕುರ್ಚಿ ಮೇಲಕ್ಕೆ ಏಳುತ್ತಿದೆ ಅನಿಸಿತು.

“ಹಾಗ್ ನೋಡಿದ್ರೆ ಅದನ್ನ ಬೆಳಗ್ಗೆನೇ ಬಿಟ್ಟಿದ್ದೆ,” ಆಕೆ ಒಂದು ಹಾಳೆ ಈಚೆಗೆ ತೆಗೆದರು. “ಪೇಟೆಂಟ್ ಕೊಡೋ ಆದೇಶ ಟೈಪ್ ಆಗಿದೆ. ನೀವು ಬಂದ ತಕ್ಷಣ ಹೇಳಿ, ಎದುರಿಗೇ ಸಹಿ ಹಾಕೋಣ ಅಂತಿದ್ದೆ.”

“ಹಾಕಿ ಮೇಡಂ!”

“ಹೇಗ್ ಹಾಕ್ಲಿ? ಪೇಟೆಂಟಿಗೆ ಇನ್ನೊಂದು ಷರತ್ತಿದೆ. ನೀವ್ ಬರೆದದ್ದನ್ನ ಓದಿ ಈ ವಿದ್ಯೆ ಬಲ್ಲವರು ಫಿಲ್ಟರ್ ಮಾಡೋ ಹಾಗಿರ್ಬೇಕು. ಯಾರಿಂದಲೂ ಆಗಲ್ಲ ಅಂತ ನೀವೇ ತಜ್ಞರ ಪ್ರಮಾಣಪತ್ರ ತಂದು ಕೊಟ್ರಿ.”

ಸಾಹೇಬರು ಪತ್ರಕ್ಕೆ ಕೈಚಾಚಿದರು. “ವಾಪಸ್ ತಗೋತೀನಿ.”

“ನಂಬರ್ ಹತ್ತಿದೆ ಸಾರ್.”

“ಇನ್ನೂ ಬಿಡಿಸಿ ಬರೆದು ಕೊಡ್ತೀನಿ.”

“ಅರ್ಜಿ ಹಾಕಿದ್ಮೇಲೆ ಹೊಸ ವಿವರ ಸೇರಿಸೋ ಹಾಗಿಲ್ಲ.”

“ಹೊಸ ಅರ್ಜಿನೇ ಹಾಕ್ತೀನಿ!”

“ನಿಮ್ಮ ಅರ್ಜಿ ನಮ್ಮ ಕಚೇರಿ ಪತ್ರಿಕೇಲಿ ಪ್ರಕಟ ಆಗಿ ವರ್ಷ ಆಯ್ತಲ್ಲ. ಇನ್ನು ಇದು ಯಾರಿಗೂ ಹೊಸದಲ್ಲ, ನಿಮಗೂ.”

“ನಿಮಗೆ ಅರ್ಥ ಆಗಿತ್ತಾ ಮೇಡಂ?” ಎಂದು ಸಾಹೇಬರು ಕೇಳಿದರು.

“ಮೊದಲ್ನೇ ಸಲಕ್ಕೇ. ನಾಲ್ಕನೇ ಪದರ ಬಂದಾಗ ಕೂತಲ್ಲಿಂದ ಎದ್ಬಿಟ್ಟಿದ್ದೆ.” ಆಕೆಯ ದನಿ ಇಳಿಯಿತು. “ಆದ್ರೆ ನನಗೆ ಅರ್ಥ ಆಯ್ತು ಅಂತ ಫೈಲಲ್ಲಿ ಎಲ್ಲೂ ಇಲ್ಲ. ಯಾರಿಗೂ ಆಗಲ್ಲ ಅಂತ ಮೂರು ಪ್ರತಿ ಇದೆ.”

ಆಕೆ ಟೈಪಾದ ಹಾಳೆಯನ್ನು ಉದ್ದಕ್ಕೆ ಹರಿದು, ಬೇರೆ ಹಾಳೆ ತೆಗೆದುಕೊಂಡರು. ಸಾಹೇಬರು ಎದ್ದು, ಬಾಗಿಲು ಯಾವ ಕಡೆಗೆ ತೆರೆಯುತ್ತದೆಂದು ತಿಳಿಯದೆ ಎರಡು ಸಲ ಎಳೆದು, ಒಮ್ಮೆ ತಳ್ಳಿ ಹೊರಗೆ ಬಂದರು.

ಭಾವಮೈದ ಓಡಿ ಬಂದ. “ಏನಾಯ್ತು ಭಾವ? ನಮ್ಮ ಕಾಗದ ನಂಬಿದ್ರಾ?”

“ನಂಬಿದ್ರು ಕಣಯ್ಯಾ,” ಅಂದರು ಸಾಹೇಬರು, ಮೆಟ್ಟಿಲ ಮೇಲೆ ಕುಸಿದು ಕೂರುತ್ತ. “ಒಂದಕ್ಷರ ಬಿಡದೆ ನಂಬಿದ್ರು.”