ಕೆಮ್ಮಪ್ಪನ ಕಿವಿಗೆಂದು ಕಟ್ಟಿದ ತಂತಿ

"ರೇಡಿಯೊದ ಮೂರು ಬ್ಯಾಂಡಿಗೂ ಒಂದೇ ಆಂಟೆನಾ ಕಟ್ಟಿ, ಕೆಮ್ಮಪ್ಪನ ಕಿವಿ ತೂತಾಗೋ ಹಾಗೆ ಕೂಗದಿದ್ರೆ ನಾನು ಮೇಷ್ಟ್ರೇ ಅಲ್ಲ!" ಎಂದು ಮೇಷ್ಟ್ರು ಊಟದ ತಟ್ಟೆಯ ಮುಂದೆ ಘೋಷಿಸಿದರು.

"ನೀವು ಮೇಷ್ಟ್ರಲ್ಲದೆ ಎರಡು ವರ್ಷ ಆಯ್ತು, ರಿಟೈರ್ ಆಗಿದೀರಿ," ಎಂದಳು ಹೆಂಡತಿ, ತಲೆಯನ್ನೂ ಎತ್ತದೆ. "ಮೊದಲು ತಟ್ಟೆ ಖಾಲಿ ಮಾಡಿ."

ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರಿಗೆ ಇದ್ದ ಹುಚ್ಚು ಒಂದೇ, ಹವ್ಯಾಸಿ ರೇಡಿಯೊ. ಸ್ವಂತ ಸೆಟ್ಟು, ಸ್ವಂತ ಲೈಸೆನ್ಸು, ಸ್ವಂತ ಗಂಟಲು! ಇಲ್ಲಿ ಕೂತು ಕೂಗಿದ್ದು ಎಲ್ಲೋ ಕೂತವರಿಗೆ ಕೇಳಿಸಿದರೆ ಅದೇ ಮೋಕ್ಷ. ಹಾಗೆ ಎಲ್ಲೋ ಕೂತವರ ಪೈಕಿ ಮುಖ್ಯರಾದವರು ಕೆಮ್ಮಪ್ಪ. ರೈಲಿನಲ್ಲಿ ಹೋದರೆ ಎರಡು ದಿನದ ದಾರಿ. ಮೇಷ್ಟ್ರು ಅವರ ಮುಖ ಕಂಡವರೇ ಅಲ್ಲ. ಪ್ರತಿ ಮಾತಿಗೂ ಮುಂಚೆ ಕೆಮ್ಮುತ್ತಿದ್ದರು ಎಂದು ಮೇಷ್ಟ್ರೇ ಇಟ್ಟ ಹೆಸರದು. ಭಾನುವಾರ ಸಂಜೆ ಬಂತೆಂದರೆ ಇಬ್ಬರೂ ಸೆಟ್ಟಿನ ಮುಂದೆ ಕೂತು ಜಗಳವಾಡುತ್ತಿದ್ದರು. ನೋಡಿದವರು ಅದನ್ನು ಸ್ನೇಹ ಎನ್ನುತ್ತಿದ್ದರು.

ಹಳೆಯ ಮನೆ ಬಿಟ್ಟು ಈ ಮೂರನೇ ಮಹಡಿಯ ಮನೆಗೆ ಬಂದ ಮೇಲೆ ಜಗಳ ನಿಂತುಹೋಗಿತ್ತು. ಆಂಟೆನಾದ ಕಂಬ ಅಲ್ಲೇ ಉಳಿದಿತ್ತು. ಹಳೆಯ ಮನೆಯಿಂದ ಮಾತಾಡಿದ ಕೊನೆಯ ಭಾನುವಾರ, ಹೊಸ ಆಂಟೆನಾದ ಯೋಚನೆ ಕೇಳಿ ಕೆಮ್ಮಪ್ಪ ಹೇಳಿದ್ದು ಇಷ್ಟು: "ಒಂದು ಕೇಬಲ್ಲಿಗೆ ಮೂರು ಜೊತೆ ತಂತಿ ಕಟ್ತೀರಾ? ಮೂರೂ ಸೇರಿ ನಿಮಗೆ ಕೈ ಕೊಡುತ್ವೆ ಮೇಷ್ಟ್ರೇ. ನಿಮ್ಮ ದನಿ ನಿಮ್ಮ ಟೆರೇಸೂ ದಾಟಲ್ಲ!"

ಅಂದಿನಿಂದ ಮೇಷ್ಟ್ರು ಮಂಕಾದರು. ಸೆಟ್ಟಿಗೆ ಹೊದಿಸಿದ ಬಟ್ಟೆಯ ಮೇಲೆ ಧೂಳು ಕೂತಿತು. ಕಿಟಕಿಯಿಂದ ಕಾಣುತ್ತಿದ್ದುದು ಎದುರು ಕಟ್ಟಡದ ಬೂದು ಗೋಡೆ. ಅದನ್ನೇ ಪಾಠ ಒಪ್ಪಿಸುವವರಂತೆ ನೋಡುತ್ತಾ ಕೂರುತ್ತಿದ್ದರು. ಊಟ ಅರ್ಧಕ್ಕೆ ಬಿಡುವರು, ಪೇಪರು ಅರ್ಧಕ್ಕೆ ಮಡಚುವರು.

ಈಗ ಈ ಘೋಷಣೆ ಹೊರಟಿದ್ದಕ್ಕೆ ಕಾರಣವಿತ್ತು. ಗಂಡಂದಿರು ಆಕಾಶದಲ್ಲಿ ಕಚ್ಚಾಡುತ್ತಿದ್ದಷ್ಟು ಕಾಲ ಹೆಂಡತಿಯರು ಫೋನಿನಲ್ಲಿ ಗೋಳು ಹೇಳಿಕೊಂಡು ಅಕ್ಕತಂಗಿಯರೇ ಆಗಿಬಿಟ್ಟಿದ್ದರು. ಹಿಂದಿನ ದಿನ ಅಲ್ಲಿಂದ ಸುದ್ದಿ ಬಂದಿತ್ತು.

"ರೀ, ಅಕ್ಕ ಫೋನ್ ಮಾಡಿದ್ರು. ಅವರ ಯಜಮಾನ್ರನ್ನ ಆಸ್ಪತ್ರೆಗೆ ಸೇರಿಸಿದಾರಂತೆ. ಶ್ವಾಸಕೋಶ ತುಂಬ ಕೆಟ್ಟಿದೆಯಂತೆ."

"ನಾಟಕ! ಎಲ್ಲಿ ನನ್ನ ಆಂಟೆನಾ ಏರಿಬಿಡುತ್ತೋ ಅಂತ ಹೆದರಿದಾನೆ."

"ಹಾಗೆಲ್ಲ ಅನ್ಬೇಡಿ. ನಂಬರ್ ಇದೆ, ಒಂದು ಫೋನ್ ಮಾಡಿ."

"ಫೋನಾ? ಫೋನ್ ಮಾಡಿದ್ರೆ ಸೋತೆ ಅಂತ ಒಪ್ಕೊಂಡ ಹಾಗೆ! ಅವನು ಆಸ್ಪತ್ರೆಯಿಂದ ಮನೆಗೆ ಬರೋಷ್ಟರಲ್ಲಿ ತಂತಿ ಏರಿರುತ್ತೆ. ಅವನ ಸೆಟ್ಟಿನಲ್ಲೇ ಕೂಗಿ ಮಾತಾಡಿಸ್ತೀನಿ."

ಬಾಯಲ್ಲಿ ಹೀಗೆ ಅಂದರೂ ಎದೆಯಲ್ಲಿ ಏನೋ ಚುಚ್ಚಿತು. ಇಷ್ಟು ವರ್ಷ ಆ ಕೆಮ್ಮನ್ನು ಅವರು ಬರೀ ಅಭ್ಯಾಸ ಎಂದುಕೊಂಡಿದ್ದರು. ತಂತಿ ಬೇಗ ಏರಬೇಕಿತ್ತು.

ಮರುದಿನವೇ ದಂಡಯಾತ್ರೆ ಹೊರಟಿತು. ತಂತಿಯ ಒಂದು ತುದಿ ಟೆರೇಸಿನ ನೀರಿನ ಟ್ಯಾಂಕಿನ ಕಂಬಕ್ಕೆ, ಇನ್ನೊಂದು ತುದಿ ಹಿತ್ತಿಲಿನಾಚೆಯ ದೊಡ್ಡ ಮರಕ್ಕೆ ಎಂದು ಲೆಕ್ಕ. ಮರ ಹತ್ತುವ ವಯಸ್ಸಲ್ಲ; ಹಗ್ಗದ ತುದಿಗೆ ಭಾರ ಕಟ್ಟಿ ಕೊಂಬೆಯ ಮೇಲೆ ಎಸೆಯಬೇಕು. ಭಾರಕ್ಕೆ ಏನು? ಮೇಷ್ಟ್ರ ಕೈಗೆ ಸಿಕ್ಕಿದ್ದು ಮುಂಬಾಗಿಲಿನ ಬೀಗ! ಬೀಸಿ ಎಸೆದರು. ಬೀಗ ಭವ್ಯವಾಗಿ ಹಾರಿ, ಕೊಂಬೆಯನ್ನು ನಾಲ್ಕು ಸುತ್ತು ಸುತ್ತಿ, ಅಲ್ಲೇ ನೇತುಬಿತ್ತು. ಎಳೆದರೂ ಬರಲಿಲ್ಲ, ಜಗ್ಗಿದರೂ ಬರಲಿಲ್ಲ.

"ಇದಕ್ಕಿಂತ ಗಟ್ಟಿ ಗಂಟು ಯಾರೂ ಹಾಕಲಾರರು!" ಎಂದು ಮೇಷ್ಟ್ರು ಕೆಳಗಿಳಿದು ಬಂದು ವರದಿ ಒಪ್ಪಿಸಿದರು.

"ನಾನು ತಂಗಿ ಮನೆಗೆ ಹೊರಟಿದ್ದೆ. ಈಗ ಬಾಗಿಲಿಗೆ ಏನು ಹಾಕಲಿ, ನಿಮ್ಮ ಗಂಟನ್ನಾ?"

"ನೀನು ಹೋಗು, ನಾನು ಮನೇಲಿ ಇರ್ತೀನಲ್ಲ."

"ನೀವು ಇರೋದು ಟೆರೇಸಿನ ಮೇಲೆ! ಕಳ್ಳ ಬಂದ್ರೆ ಮೇಲಕ್ಕೆ ಹತ್ತಿ ನಿಮ್ಮನ್ನೇ ಕೇಳ್ತಾನೆ, ಕಪಾಟಿನ ಕೀ ಎಲ್ಲಿ ಅಂತ."

ಆಕೆ ಹೋಗಲಿಲ್ಲ. ಸಿಟ್ಟಿಗೆ ಕೂತು ಕೆಮ್ಮಪ್ಪನ ಮನೆಯ ಅಕ್ಕನಿಗೆ ಫೋನ್ ಹಚ್ಚಿ ಬೀಗದ ಕತೆಯನ್ನೆಲ್ಲ ಹೇಳಿದಳು. ಅಕ್ಕ ಅದನ್ನು ಆಸ್ಪತ್ರೆಯ ಹಾಸಿಗೆಗೆ ದಾಟಿಸಿದರು. ಕೆಮ್ಮಪ್ಪ ಎಷ್ಟು ನಕ್ಕರೆಂದರೆ, ನರ್ಸು ಬಂದು ಗದರಿಸಿದಳಂತೆ.

"ಅವನಿಗೆ ಹೇಳಿದ್ಯಾ?" ಮೇಷ್ಟ್ರು ನೆಲ ನಡುಗಿಸಿದರು. "ನನ್ನ ಮಾನ ಎರಡು ದಿನದ ದಾರಿ ಹೋಗಿ ಬಂತು!"

"ನಿಮ್ಮ ದನಿಗಿಂತ ಮುಂಚೆ ಅದಾದ್ರೂ ತಲುಪಿತಲ್ಲ."

ಇಷ್ಟಕ್ಕೆ ಮುಗಿಯಲಿಲ್ಲ. ಎಷ್ಟು ಶಕ್ತಿ ಆಕಾಶಕ್ಕೆ ಹೋಯಿತು, ಎಷ್ಟು ಸೆಟ್ಟಿಗೇ ವಾಪಸು ಬಂತು ಎಂದು ಹೇಳುವ ಮೀಟರೊಂದಿದೆ. ಮೊದಲ ದಿನ ಅದರ ಸೂಜಿ ಸಾಧುವಾಗಿ ಮಲಗಿತ್ತು. ಮರುದಿನ ಬೆಳಿಗ್ಗೆ ಕೋಣೆಯಲ್ಲಿ ಕೂತು ನೋಡುತ್ತಾರೆ, ಸೂಜಿ ಹುಚ್ಚೆದ್ದು ಕುಣಿಯುತ್ತಿದೆ! ತಂತಿ ಉದ್ದವಾಗಿದೆ ಎಂದು ತೀರ್ಮಾನಿಸಿ, ದಿನವಿಡೀ ಗುಣಿಸಿ ಭಾಗಿಸಿ, ಸಂಜೆ ಕಟರ್ ಹಿಡಿದು ಮೇಲೆ ಹೋಗಿ ಎರಡೂ ಕಡೆ ಒಂದೊಂದು ಮೊಳ ಕತ್ತರಿಸಿ ಬಂದರು. ಈಗ ಸೂಜಿ ಆ ಕಡೆಯ ಗೋಡೆಗೆ ಹೊಡೆಯಿತು. ತಂತಿ ಗಿಡ್ಡ!

ಆ ಹೊತ್ತಿಗೆ ಕೆಳಮನೆಯ ಟೈಲರು ನಗುನಗುತ್ತಾ ಬಂದರು. "ಮೇಷ್ಟ್ರೇ, ಬಹಳ ಉಪಕಾರ ಆಯ್ತು. ಟೆರೇಸಿನ ಮೇಲೆ ಒಳ್ಳೆ ಹಗ್ಗ ಕಟ್ಸಿದೀರಿ. ಬೆಳಿಗ್ಗೆ ಹೊಲಿಯೋ ಲಂಗದ ಬಟ್ಟೆ ಎಲ್ಲಾ ನೆನೆಸಿ ಹಾಕಿದ್ದೆ, ಮಧ್ಯಾಹ್ನಕ್ಕೇ ಗರಿಗರಿ ಒಣಗಿಬಿಟ್ವು!"

ಮೇಷ್ಟ್ರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಅವರು ಅಳೆದದ್ದು ಟೈಲರ ಒದ್ದೆ ಲಂಗದ ಬಟ್ಟೆಗಳನ್ನು. ಕತ್ತರಿಸಿದ್ದು ತಮ್ಮ ತಂತಿಯನ್ನು! ಕತ್ತರಿಸಿದ ತುಂಡುಗಳನ್ನೇ ಹುಡುಕಿ ತಂದು ಮತ್ತೆ ಬೆಸೆಯಲು ಇನ್ನೊಂದು ದಿನ ಹೋಯಿತು.

ಉಳಿದದ್ದು ಒಂದೇ ಕೆಲಸ. ಇಷ್ಟು ದಿನ ತೆರೆದ ಕಿಟಕಿಯಿಂದ ಎಳೆದುಕೊಂಡಿದ್ದ ಕೇಬಲ್ಲನ್ನು ಕಿಟಕಿಯ ಚೌಕಟ್ಟಿನ ತೂತಿನಿಂದ ಒಳಗೆ ತರಬೇಕು. ಸೆಟ್ಟಿಗೆ ಸಿಕ್ಕಿಸುವ ತುದಿಯ ಕನೆಕ್ಟರು ತೂತಿಗಿಂತ ದಪ್ಪ. ಅದನ್ನು ಕತ್ತರಿಸಿ, ಕೇಬಲ್ಲು ಒಳಗೆ ಬಂದ ಮೇಲೆ ಹೊಸ ಕನೆಕ್ಟರನ್ನು ಬೆಸುಗೆ ಹಾಕಿದರು. ಬೆಸುಗೆ ಎಂದರೆ ಬೆಸುಗೆ! ಅಕ್ಕಸಾಲಿಗರೂ ಕೈಮುಗಿಯಬೇಕು. ತಿರುಗಿ ನೋಡಿದರೆ ಕನೆಕ್ಟರಿನ ಮೇಲೆ ತಿರುಗಿಸುವ ಉಂಗುರ ಮೇಜಿನ ಮೇಲೆ ಕೂತಿದೆ. ಬೆಸುಗೆಗೆ ಮುಂಚೆಯೇ ಅದನ್ನು ಕೇಬಲ್ಲಿಗೆ ಪೋಣಿಸಬೇಕಿತ್ತು. ಹಲ್ಲು ಕಡಿದು ಎಲ್ಲ ಬಿಚ್ಚಿ, ಮತ್ತೆ ಬೆಸೆದರು. ತಿರುಗಿ ನೋಡಿದರೆ ಉಂಗುರ ಇನ್ನೂ ಮೇಜಿನ ಮೇಲೇ ಇತ್ತು.

ಮೇಷ್ಟ್ರು ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದರು. "ಮುಗೀತು. ಇನ್ನು ಈ ಜನ್ಮದಲ್ಲಿ ತಂತಿ ಮುಟ್ಟಲ್ಲ. ಕೆಮ್ಮಪ್ಪ ಹೇಳಿದ್ದೇ ಸರಿ."

ಬಾಲ್ಕನಿಯಲ್ಲಿ ಫೋನ್ ಹಿಡಿದು ನಿಂತಿದ್ದ ಹೆಂಡತಿ ಒಳಗೆ ಬಂದಳು. ಬೈಗುಳ ಬರುತ್ತದೆ ಎಂದು ಮೇಷ್ಟ್ರು ಹೊದಿಕೆ ಎಳೆದುಕೊಂಡರು. ಬರಲಿಲ್ಲ. ಆಕೆ ಹೋಗಿ ಮೇಜಿನ ಮೇಲಿದ್ದ ಉಂಗುರವನ್ನು ತಂದಳು.

"ಏಳಿ," ಎಂದಳು. "ಉಂಗುರ ನಾನು ಹಿಡ್ಕೋತೀನಿ. ನೀವು ಬೆಸೀರಿ."

ಮೇಷ್ಟ್ರು ಬೆರಗಾಗಿ ಎದ್ದರು. ಆಕೆ ಕೇಬಲ್ಲಿಗೆ ಉಂಗುರ ಪೋಣಿಸಿ, ಬೆಸುಗೆ ಆರುವವರೆಗೂ ಬೆರಳಲ್ಲಿ ಒತ್ತಿಹಿಡಿದಳು. ಟೆರೇಸಿಗೆ ಬಂದು ತಂತಿ ಬಿಗಿಯಲು ಹಗ್ಗವನ್ನೂ ಎಳೆದಳು. ಮರದಲ್ಲಿ ತೂಗುತ್ತಿದ್ದ ಬೀಗವನ್ನು ಕಂಡರೂ ಒಂದು ಮಾತು ಆಡಲಿಲ್ಲ. ಕಣ್ಣು ಕೆಂಪಾಗಿತ್ತು, ಬೆಸುಗೆಯ ಹೊಗೆ ಎಂದುಕೊಂಡರು ಮೇಷ್ಟ್ರು. ವಿಜ್ಞಾನದ ಮುಂದೆ ಕೊನೆಗೂ ಹೆಂಡತಿ ತಲೆಬಾಗಿದಳು ಎಂದು ಎದೆಯುಬ್ಬಿತು. ಆ ಸಂಜೆ ತಟ್ಟೆಯನ್ನು ಪೂರ್ತಿ ಖಾಲಿ ಮಾಡಿದರು.

ಭಾನುವಾರ ಬಂತು. ಮೇಷ್ಟ್ರು ಕ್ಷೌರ ಮಾಡಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಸೆಟ್ಟಿನ ಮುಂದೆ ವಿರಾಜಮಾನರಾದರು. ಮೊದಲ ಕೂಗಿಗೇ ಸಮುದ್ರದಾಚೆಯ ಯಾರೋ ಅಪರಿಚಿತ ಓಗೊಟ್ಟ. ನಿಮ್ಮ ದನಿ ಪಕ್ಕದ ಮನೆಯಿಂದ ಬಂದ ಹಾಗಿದೆ ಎಂದ.

"ಕೇಳಿದ್ಯಾ? ಸಮುದ್ರ ದಾಟಿತು! ಇರು, ಈಗ ಆ ಮಹಾನುಭಾವನ್ನ ಎಬ್ಬಿಸ್ತೀನಿ." ಸೆಟ್ಟನ್ನು ಕೆಮ್ಮಪ್ಪನ ಮಾಮೂಲಿ ಜಾಗಕ್ಕೆ ತಿರುಗಿಸಿ, ಮೈಕಿನ ಗುಂಡಿ ಒತ್ತಿ ಕೂಗಿದರು. ಬರೀ ಗೊರಗೊರ. ಮತ್ತೆ ಕೂಗಿದರು. "ಮನೆಗೆ ಬಂದಿರ್ಬೇಕಲ್ಲ ಇಷ್ಟೊತ್ತಿಗೆ? ಕೇಳ್ತಾ ಇದಾನೆ, ಬೇಕಂತಲೇ ಬಾಯಿ ಬಿಡ್ತಿಲ್ಲ!"

ಹೆಂಡತಿ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು. "ರೀ, ಅವರು ಕೇಳ್ತಾ ಇಲ್ಲ. ಅವರು ಹೋಗ್ಬಿಟ್ರು."

ಮೇಷ್ಟ್ರು ಮೈಕನ್ನು ಮಡಿಲಲ್ಲಿಟ್ಟುಕೊಂಡರು. "ಯಾವಾಗ?"

"ನೀವು ಗೋಡೆ ಕಡೆ ತಿರುಗಿ ಮಲಗಿದ್ರಲ್ಲ, ಅವತ್ತು."

ಗೊರಗೊರ ಕೋಣೆಯ ತುಂಬ ತುಂಬಿಕೊಂಡಿತು. ಒಂದು ಫೋನ್ ಮಾಡಿದ್ದರೆ ಆ ದನಿಯನ್ನು ಇನ್ನೊಂದು ಸಲ ಕೇಳಬಹುದಿತ್ತು. ಮೇಷ್ಟ್ರಿಗೆ ಸಂಕಟವಾಯಿತು, ನಾಚಿಕೆಯಾಯಿತು. ಏನು ಮಾಡಬೇಕೋ ತೋಚದೆ ಸಿಟ್ಟೂ ಬಂತು.

"ನನಗ್ಯಾಕೆ ಹೇಳಲಿಲ್ಲ?"

"ಅವರೇ ಬೇಡ ಅಂದಿದ್ರಂತೆ. ತಂತಿ ಏರೋ ತನಕ ಮೇಷ್ಟ್ರಿಗೆ ಏನೂ ಹೇಳಬೇಡಿ, ಹೇಳಿದ್ರೆ ಅರ್ಧಕ್ಕೇ ಬಿಟ್ಟು ಮಲಗಿಬಿಡ್ತಾರೆ ಅಂತ."

"ಏರಿತಲ್ಲ! ಕೆಲಸ ಮಾಡ್ತಲ್ಲ! ಸಮುದ್ರದಾಚೆಯವನೇ ಹೇಳಿದ!" ಮೇಷ್ಟ್ರು ಮೀಟರಿನ ಸೂಜಿಯನ್ನು ತೋರಿಸಿದರು. "ಅವನು ಇದ್ದಿದ್ರೆ ಇವತ್ತು ಒಪ್ಕೊಳ್ಳಲೇಬೇಕಾಗಿತ್ತು."

"ಇಲ್ಲವಂತೆ," ಎಂದಳು ಹೆಂಡತಿ ಮೆಲ್ಲಗೆ. "ಅದನ್ನೂ ಹೇಳಿ ಹೋಗಿದಾರೆ. ಮೇಷ್ಟ್ರ ದನಿ ಗಂಟೆ ಹೊಡೆದ ಹಾಗೆ ಕೇಳಿಸಿದ್ರೂ ನಾನು ಕೇಳಿಸಲಿಲ್ಲ ಅಂತಲೇ ಹೇಳ್ತಿದ್ದೆ, ಒಪ್ಕೊಂಡ್ಬಿಟ್ರೆ ಮುಂದಿನ ಭಾನುವಾರ ಮಾತಾಡೋಕೆ ಏನಿರುತ್ತೆ ಅಂತ."

ಮೇಷ್ಟ್ರು ಮೈಕನ್ನು ಬಾಯಿಯ ಹತ್ತಿರ ತಂದು, "ಕಳ್ಳ!" ಎಂದರು. ಗುಂಡಿ ಒತ್ತುವುದನ್ನು ಮರೆತಿದ್ದರು.