ಹದದ ಉಸ್ತಾದನ ಒಗ್ಗರಣೆ

ಟಣ್, ಟಣ್, ಟಣ್! ಶುಕ್ರವಾರದ ನಮಾಜು ಮುಗಿಸಿ ಮೆಟ್ಟಿಲು ಹತ್ತುವಾಗಲೇ ನಮ್ಮ ಮನೆಯ ಹಿತ್ತಾಳೆ ಕುಟ್ಟಾಣಿಯಲ್ಲಿ ಬೆಳ್ಳುಳ್ಳಿ ಜಜ್ಜುವ ಸದ್ದು ಕೇಳಿಸಿತು. ಹನ್ನೊಂದು ದಿನಗಳ ಮೇಲೆ ಕೇಳಿದ ಸದ್ದು! ಕೈರೋದ ಯಾವ ಗಾಯಕಿಯೂ ಇಷ್ಟು ಇಂಪಾಗಿ ಹಾಡಿರಲಾರಳು.

ಹನ್ನೊಂದು ದಿನ ಏಕೆಂದರೆ, ಒಂದು ಕಾಲುಚೀಲ ಸಿಗಲಿಲ್ಲವೆಂದು ನಾನು ಓಣಿಗೆಲ್ಲ ಕೇಳುವಂತೆ ಕೂಗಾಡಿದ್ದೆ. ನನ್ನ ಹೆಂಡತಿ ಇಂತಿಸಾರ್ ತುಟಿ ಬಿಚ್ಚದೆ ಬಟ್ಟೆ ಕಟ್ಟಿಕೊಂಡು ಶುಬ್ರಾದ ತವರಿಗೆ ನಡೆದಿದ್ದಳು. ಮುನಿದ ಹೆಂಡತಿ ತವರಿಗೆ ಹೋಗುವುದು, ಗಂಡ ಸಿಹಿತಿಂಡಿಯ ಡಬ್ಬಿ ಹಿಡಿದು ಹಿಂದೆ ಓಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ನಾಲ್ಕು ಡಬ್ಬಿ ಬಸ್‌ಬೂಸಾ ಕರಗಿದ ಮೇಲೆ ಅತ್ತೆ ತಫೀದಾ ಹಾಜ್ಜಾ ತೀರ್ಪು ಕೊಟ್ಟರು.

"ಮಗಳನ್ನ ಕಳಿಸ್ತೀನಿ. ಶುಕ್ರವಾರ ಊಟಕ್ಕೆ ನಾನೂ ಬರ್ತೀನಿ. ನಿಮ್ಮ ದನಿ ಒಂದು ಸಲ ಏರಲಿ, ಕೈಹಿಡಿದು ವಾಪಸ್ ಕರ್ಕೊಂಡು ಹೋಗ್ತೀನಿ!"

ಯಾರಿಗೆ ಸವಾಲು? ಮೂವತ್ತು ವರ್ಷದಿಂದ ಚಾಕು ಮಾಡುತ್ತಿರುವ ಈ ಉಸ್ತಾದ್ ಖೈರಿಗೆ! ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದ ಅಲಗು ಬರೀ ಗಡಸು. ಬಿದ್ದರೆ ಗಾಜಿನಂತೆ ಚೂರು. ಅದನ್ನು ಮತ್ತೆ ಮೆಲ್ಲಗೆ ಬಿಸಿ ಮಾಡಿ, ಒಣಹುಲ್ಲಿನ ಬಣ್ಣ ಬಂದ ಕ್ಷಣದಲ್ಲಿ ತೆಗೆದರೆ ಹದ. ಉಕ್ಕನ್ನೇ ಹದಕ್ಕೆ ತರುವವನಿಗೆ ತನ್ನ ಸಿಟ್ಟೆಂಬ ಬಡಪಾಯಿ ಯಾವ ಲೆಕ್ಕ? ಇವತ್ತು ನಾನು ಮಂಜುಗಡ್ಡೆ! ಅಷ್ಟಕ್ಕೇ ಸುಮ್ಮನಾಗಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಮುಲೂಖಿಯಾ ಸೊಪ್ಪಿನ ಸಾರಿಗೆ ಒಗ್ಗರಣೆಯನ್ನೂ ನಾನೇ ಹಾಕುವುದಾಗಿ ಘೋಷಿಸಿಬಿಟ್ಟೆ.

"ಬೇಡ ರೀ. ಬೆಂಕಿ ಹತ್ರದ ಕೆಲಸ," ಎಂದಳು ಇಂತಿಸಾರ್.

"ಬೆಂಕಿ ನನ್ನ ಸಾಕುಬೆಕ್ಕು ಕಣೇ."

"ಸಾಕುಬೆಕ್ಕೂ ಪರಚತ್ತೆ."

ಅತ್ತೆ ಅಡುಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ನ್ಯಾಯಾಧೀಶರಂತೆ ಕುಳಿತರು. ತುಪ್ಪದಲ್ಲಿ ಬೆಳ್ಳುಳ್ಳಿ, ಕೊತ್ತಂಬರಿ ಪುಡಿ ಚಟಪಟ ಎಂದವು. ನಾನು ಉಸ್ತಾದನ ಕಣ್ಣಿನಿಂದ ಕಾದೆ. ಒಣಹುಲ್ಲಿನ ಬಣ್ಣ ಬಂತು. ಬಾಣಲೆ ಎತ್ತಿದೆ.

"ಈಗ ಉಸಿರೆಳೀರಿ," ಎಂದಳು ಇಂತಿಸಾರ್.

ಒಗ್ಗರಣೆ ಸಾರಿಗೆ ಬೀಳುವಾಗ, ಹಾಕುವವರು ಹೌಹಾರಿದಂತೆ 'ಹ್ಹಾ!' ಎಂದು ಉಸಿರೆಳೆಯಬೇಕು. ಇಲ್ಲವಾದರೆ ಸೊಪ್ಪು ತಳಕ್ಕಿಳಿದು ನೀರು ಮೇಲೆ ನಿಲ್ಲುತ್ತದೆ. ಈಜಿಪ್ಟಿನ ಅಡುಗೆಮನೆಗಳಲ್ಲಿ ಈ ಬಗ್ಗೆ ಎರಡನೇ ಮಾತಿಲ್ಲ.

"ಕುಲುಮೆ ಮುಂದೆ ನಿಂತ ಗಂಡಸು ಸಾರು ನೋಡಿ ಹೌಹಾರೋದೇ?"

"ಉಸಿರಿಲ್ಲದ ಮುಲೂಖಿಯಾನ ನಮ್ಮನೇಲಿ ನಾಯಿಗೂ ಹಾಕಲ್ಲ ಅಳಿಯಂದ್ರೇ," ಎಂದರು ಅತ್ತೆ.

ಸಿಟ್ಟು ನುಂಗಿದೆ. ಒಗ್ಗರಣೆ ಸುರಿದು, ಪಾತ್ರೆಯ ಮೇಲೇ ಬಗ್ಗಿ ಎಳೆದೆ ನೋಡಿ ಉಸಿರು! ಕುಲುಮೆಯ ತಿದಿ ನಾಚಬೇಕು! ಬೆಳ್ಳುಳ್ಳಿಯ ಘಾಟು ಒಂದಿಷ್ಟೂ ಹೊರಗುಳಿಯದೆ ನನ್ನ ಗಂಟಲಿಗಿಳಿಯಿತು. "ಹ್ಹಾ... ಖೊಖ್ಖ್! ಖೊಖ್ಖ್!" ಕೈಯ ಬಾಣಲೆ ನೆಲಕ್ಕೆ, ಮುಚ್ಚಳ ಗೋಡೆಗೆ. ಕೆಳಗಿನ ಮನೆಯ ಉಮ್ ವಗ್ದಿಯ ದನಿ ಮೆಟ್ಟಿಲಲ್ಲಿ ಮೊಳಗಿತು: "ಶುರುವಾಯ್ತು! ಬಾಗಿಲು ತೆಗಿಯಮ್ಮಾ ಇಂತಿಸಾರ್!"

ಅವಳ ಹಿಂದೆ ಕಾಫಿ ಅಂಗಡಿಯ ಯಜಮಾನ ಮಿತ್ವಲ್ಲಿ. ಅವನ ಹಿಂದೆ ಅರ್ಧ ಓಣಿ.

"ಸಮಾಧಾನ ಉಸ್ತಾದ್, ಶೈತಾನನ್ನ ಉಗಿದು ಓಡ್ಸಿ!"

"ನಾನು... ಖೊಖ್ಖ್... ಸಮಾಧಾನವಾಗೇ..."

"ಮುಖ ನೋಡ್ರಪ್ಪಾ, ಕೆಂಡ!"

"ಕಣ್ಣಲ್ಲಿ ನೀರು ಬೇರೆ. ಪಶ್ಚಾತ್ತಾಪ, ಪಾಪ," ಎಂದಳು ಉಮ್ ವಗ್ದಿ.

"ಘಾಟು ಕಣ್ರೀ, ಘಾಟು!"

"ಹೌದು ಹೌದು, ಘಾಟು. ಒಂದು ಲೋಟ ನೀರು ಕುಡ್ದು ಕೂತ್ಕೊಳ್ಳಿ, ಸಿಟ್ಟು ಇಳಿಯತ್ತೆ," ಎಂದು ಮಿತ್ವಲ್ಲಿ ನನ್ನ ಬೆನ್ನು ಸವರಿದ. ಎಮ್ಮೆಯ ಬೆನ್ನು ಸವರಿದಂತೆ!

"ನನಗೆ ಸಿಟ್ಟು ಬಂದಿಲ್ಲಾ!"

ಮಾಳಿಗೆಯ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿದವು. ಇಂತಿಸಾರ್ ತನ್ನ ಗಲಾಬಿಯಾ ನಿಲುವಂಗಿಗೇ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು, ಮತ್ತೆ ತುಟಿ ಬಿಚ್ಚದೆ. ಆ ಖಾಲಿ ಮನೆಯಲ್ಲಿ ಇನ್ನೊಂದು ದಿನ ಒಬ್ಬನೇ ಇರಲು ನನ್ನಿಂದಾಗದು.

"ಹಾಜ್ಜಾ, ಮಗಳ ಬಟ್ಟೆ ಕಟ್ಟಿಕೊಡ್ಲಾ?" ಉಮ್ ವಗ್ದಿ ಉತ್ಸಾಹದಿಂದ ಮುಂದೆ ಬಂದಳು.

ಅತ್ತೆ ಸೌಟು ಅದ್ದಿ ಸಾರು ನೆಕ್ಕಿದರು. ಕಣ್ಣು ಮುಚ್ಚಿದರು. ತೆರೆದರು.

"ಬಿಸಿ ಸಾರು ಬಿಟ್ಟು ನನ್ನ ಮಗಳ್ಯಾಕೆ ಹೋಗ್ಬೇಕು? ಈ ಸಲ ತವರಿಗೆ ಹೋಗೋದು ಅಳಿಯಂದ್ರು. ಅಲ್ಲಿ ನಮ್ಮ ಯಜಮಾನ್ರು ಬೆಳಿಗ್ಗೆಯಿಂದ ಕನ್ನಡಕ ಸಿಗ್ಲಿಲ್ಲ ಅಂತ ಕಿರುಚ್ತಾ ಕೂತಿದ್ದಾರೆ. ಇಬ್ರೂ ಎದುರುಬದುರು ಕೂತು ಕೂಗ್ಕೊಳ್ಳಿ."

ಆಸರೆಗಾಗಿ ನಾನು ಇಂತಿಸಾರ್ ಕಡೆ ನೋಡಿದೆ. ಅವಳು ಆಗಲೇ ಚೀಲ ಬಿಡಿಸುತ್ತಿದ್ದಳು.

"ಎಷ್ಟು ದಿನಕ್ಕೆ ಬಟ್ಟೆ ಇಡ್ಲಿ ರೀ?"

ಓಣಿಗೆ ಓಣಿಯೇ ನಕ್ಕಿತು. ನಾನು ಚೀಲ ಹೆಗಲಿಗೇರಿಸಿದೆ. ಒಳಗೆ ತಟ್ಟೆಗಳು ಸದ್ದು ಮಾಡತೊಡಗಿದ್ದವು.

"ಒಗ್ಗರಣೆ ಮಾತ್ರ ಹದವಾಗಿ ಬಂದಿದೆ ಕಣೇ," ಅತ್ತೆ ಉಮ್ ವಗ್ದಿಗೆ ಹೇಳುತ್ತಿದ್ದರು. "ಹಾಕಿದವರೇ ಸ್ವಲ್ಪ ಸೀದ್ಹೋಗಿ..."

ಪೂರ್ತಿ ಕೇಳಿಸಿಕೊಳ್ಳದೆ ಮೆಟ್ಟಿಲಿಳಿದೆ.